ಕುಳಿತೇ ಎಸೆಯಬೇಕು

ಮಕ್ಕಳೇ, ಇವತ್ತು ಮೊದಲು ಒಂದು ಆಟ. ಅಂಗಳದಲ್ಲಿ ಒಂದು ಗಟ್ಟಿ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿ. ಅಜ್ಜನೋ ಅಜ್ಜಿಯೋ ಕುರ್ಚಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಿರಲಿ. ಈಗ ಎರಡೂ ಪಾದಗಳನ್ನು ನೆಲದಿಂದ ಮೇಲಕ್ಕೆತ್ತಿ, ಒಂದು ಚೆಂಡನ್ನು ಆದಷ್ಟು ದೂರ ಎಸೆಯಿರಿ.

ನಿಂತು ಎಸೆದಷ್ಟು ದೂರ ಹೋಗಲಿಲ್ಲ, ಅಲ್ಲವೇ? ಎಸೆಯುವುದು ಕೈಯ ಕೆಲಸ ಎಂದುಕೊಂಡಿರುತ್ತೇವೆ. ಕಾಲು ನೆಲವನ್ನು ಒತ್ತಿದಾಗ ಹುಟ್ಟುವ ಬಲ ಸೊಂಟ, ಭುಜಗಳನ್ನು ದಾಟಿ ಕೈಗೆ ಬರುತ್ತದೆ. ಆ ಬಲ ಇಲ್ಲದಿದ್ದರೆ ಏನು ಮಾಡಬೇಕು? ಹೊಕಾಟೊ ಹೊಟೊಝೆ ಸೆಮಾ ಅವರು ಕಲಿಯಬೇಕಾಗಿ ಬಂದದ್ದು ಇದನ್ನೇ.

ಸೆಮಾ ನಾಗಾಲ್ಯಾಂಡಿನವರು, ಅಸ್ಸಾಂ ರೆಜಿಮೆಂಟಿನ ಸೈನಿಕ. 2002ರಲ್ಲಿ ಕಾಶ್ಮೀರದ ಗಡಿಯಲ್ಲಿ ನೆಲಬಾಂಬು ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಗಿನ್ನೂ ಅವರಿಗೆ 18 ವರ್ಷ. ನಿಮ್ಮ ಮನೆಯ ದೊಡ್ಡಣ್ಣನ ವಯಸ್ಸು.

ಕಾಲು ಹೋದ ಮೇಲೆ ಕೃತಕ ಕಾಲು ಕಟ್ಟಿಬಿಟ್ಟರೆ ಮುಗಿಯುವುದಿಲ್ಲ. ಉಳಿದ ಭಾಗ ಗಟ್ಟಿಯಾಗಬೇಕು. ಮೊಣಕಾಲು ಮಡಚಿಕೊಂಡೇ ಇದ್ದರೆ ಹಾಗೇ ಬಿಗಿದುಕೊಳ್ಳುತ್ತದೆ, ಅದಕ್ಕೇ ದಿನವೂ ಅದನ್ನು ನೀಡಿ ನೀಡಿ ಸಡಿಲ ಮಾಡಬೇಕು. ಸಮತೋಲನವನ್ನಂತೂ ಎಳೆಯ ಮಗುವಿನ ಹಾಗೆ ಮೊದಲಿನಿಂದ ಕಲಿಯಬೇಕು. ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಜ್ಜ ಅಜ್ಜಿಯರಿಗೆ ಈ ಕಷ್ಟದ ರುಚಿ ಸ್ವಲ್ಪ ಗೊತ್ತಿರುತ್ತದೆ.

ಗಾಯಗೊಂಡ ಸೈನಿಕರಿಗೆ ಆಟವನ್ನೇ ಔಷಧಿಯಾಗಿ ಕೊಟ್ಟವರಲ್ಲಿ ದೊಡ್ಡ ಹೆಸರು ಡಾಕ್ಟರ್ ಲುಡ್ವಿಗ್ ಗುಟ್‌ಮನ್. ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದ ಸೈನಿಕರಿಗಾಗಿ ಅವರ ವಿಭಾಗ ಶುರುವಾಯಿತು. ಇಂಥವರು ಹೆಚ್ಚು ದಿನ ಬದುಕುವುದಿಲ್ಲ ಎಂದು ಕೈಚೆಲ್ಲುತ್ತಿದ್ದ ಕಾಲ ಅದು. ಗುಟ್‌ಮನ್ ಅವರ ಕೈಗೆ ಬಿಲ್ಲು ಕೊಟ್ಟರು. ಬಿಲ್ಲು ಎಳೆದರೆ ತೋಳು, ಭುಜ, ಬೆನ್ನು ಬಲಗೊಳ್ಳುತ್ತವೆ. ಗಾಲಿಕುರ್ಚಿಯಲ್ಲಿ ಕೂತವರಿಗೆ ಬೇಕಾದದ್ದೂ ಅದೇ. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಆರಂಭವಾಯಿತು. ಅದೇ ದಿನ ಆ ಆಸ್ಪತ್ರೆಯ ಹುಲ್ಲಿನ ಮೇಲೆ 16 ಮಂದಿ ಬಿಲ್ಲುಗಾರರ ಪುಟ್ಟ ಸ್ಪರ್ಧೆ ನಡೆಯಿತು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ.

ಸೆಮಾ ಅವರಿಗೆ ಆ ದಾರಿ ಸಿಕ್ಕಿದ್ದು ಬಹಳ ತಡವಾಗಿ, 2016ರಲ್ಲಿ. ಪುಣೆಯ ಕೃತಕ ಅವಯವ ಕೇಂದ್ರದಲ್ಲಿ ಅವರ ದೇಹಬಲ ನೋಡಿದ ಹಿರಿಯ ಸೇನಾಧಿಕಾರಿಯೊಬ್ಬರು ಗುಂಡು ಎಸೆತ ಕಲಿಯಲು ಹೇಳಿದರಂತೆ. ಆಗ ಅವರಿಗೆ 32 ವರ್ಷ. ನಡುವೆ 14 ವರ್ಷ ಕಳೆದಿದ್ದವು! ನನ್ನನ್ನು ಕೇಳಿದರೆ, ಪದಕಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಈ 14 ವರ್ಷಗಳ ಬಗ್ಗೆ. ಬೇಗ ಯಾರಾದರೂ ಹೇಳಿದ್ದರೆ?

ಅವರು ಸ್ಪರ್ಧಿಸುವ ಎಫ್57 ವಿಭಾಗದಲ್ಲಿ ಕುಳಿತೇ ಎಸೆಯಬೇಕು. ಎತ್ತರದ ಆಸನವನ್ನು ಅಲುಗಾಡದಂತೆ ನೆಲಕ್ಕೆ ಬಿಗಿದು ಕಟ್ಟಿರುತ್ತಾರೆ. ಅದರ ಎತ್ತರ 75 ಸೆಂಟಿಮೀಟರ್ ಮೀರುವಂತಿಲ್ಲ. ಆಸನದಿಂದ ಮೇಲೆದ್ದರೆ ಎಸೆತ ಲೆಕ್ಕಕ್ಕಿಲ್ಲ. ಆಸನ ಕಟ್ಟಿ ಬಿಚ್ಚಲು ಹೊತ್ತು ಹಿಡಿಯುವುದರಿಂದ ಒಬ್ಬರೇ ತಮ್ಮ ಎಸೆತಗಳನ್ನೆಲ್ಲ ಒಂದರ ಹಿಂದೊಂದು ಮುಗಿಸುತ್ತಾರೆ; ನಡುವೆ ಹೆಚ್ಚು ಸುಧಾರಿಸಿಕೊಳ್ಳಲು ಬಿಡುವಿಲ್ಲ.

2024ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ, 40 ವರ್ಷದ ಸೆಮಾ ಗುಂಡನ್ನು 14.65 ಮೀಟರ್ ಎಸೆದು ಕಂಚು ಗೆದ್ದರು. ಅಲ್ಲಿಯವರೆಗೆ ಅವರು ಅಷ್ಟು ದೂರ ಎಸೆದಿರಲಿಲ್ಲ. ಅದೇ ಸ್ಪರ್ಧೆಯಲ್ಲಿ ಐದನೆಯವರಾದ ಸೋಮನ್ ರಾಣಾ ಕೂಡ ನಮ್ಮ ಸೈನಿಕರೇ. 2006ರಲ್ಲಿ ಅವರ ಬಲಗಾಲನ್ನು ಕಸಿದುಕೊಂಡದ್ದೂ ನೆಲಬಾಂಬೇ.

ಮುಂದಿನ ಬಾರಿ ಟಿ.ವಿ.ಯಲ್ಲಿ ಈ ಸ್ಪರ್ಧೆ ಬಂದರೆ ಗುಂಡು ಎಲ್ಲಿ ಬೀಳುತ್ತದೆ ಎಂದಷ್ಟೇ ನೋಡಬೇಡಿ. ಎಸೆಯದ ಇನ್ನೊಂದು ಕೈಯನ್ನೂ ನೋಡಿ. ಕೆಲವರು ಆಸನದ ಕಂಬವನ್ನು ಆ ಕೈಯಿಂದ ಹಿಡಿದು ದೇಹವನ್ನು ಹೇಗೆ ಎಳೆದುಕೊಳ್ಳುತ್ತಾರೆ, ಗಮನಿಸಿ. ಕಾಲು ಮಾಡಬೇಕಿದ್ದ ಕೆಲಸವನ್ನು ಅಲ್ಲಿ ಆ ಕೈ ಮಾಡುತ್ತಿರುತ್ತದೆ.