ಹೆಸರೊಂದೇ, ವೇಗ ಬೇರೆ

ಮಗ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಕೇಳಿದಾಗ ಪೋಷಕರು ಸಾಮಾನ್ಯವಾಗಿ ಎರಡು ಸಂಗತಿ ವಿಚಾರಿಸುತ್ತಾರೆ: ಬೆಲೆ ಎಷ್ಟು, ಮೆಮೊರಿ ಎಷ್ಟು ಗಿಗಾಬೈಟ್? ಇವೆರಡನ್ನೇ ನಂಬಿ ಕೊಂಡವರು ಮೋಸಹೋಗುವುದುಂಟು. ಗಿಗಾಬೈಟ್ ಎಂಬುದು ಮೆಮೊರಿಯ ಗಾತ್ರವನ್ನು ಹೇಳುತ್ತದೆಯೇ ಹೊರತು ವೇಗವನ್ನಲ್ಲ.

ಒಂದು ಉದಾಹರಣೆ ನೋಡೋಣ. ಎನ್‌ವಿಡಿಯಾ ಕಂಪನಿ 2017ರಲ್ಲಿ ಜಿಫೋರ್ಸ್ ಜಿಟಿ 1030 ಎಂಬ ಕಡಿಮೆ ಬೆಲೆಯ ಕಾರ್ಡನ್ನು ಹೊರತಂದಿತು. ಅದರಲ್ಲಿದ್ದುದು ಜಿಡಿಡಿಆರ್5 ಬಗೆಯ ಮೆಮೊರಿ. 2018ರಲ್ಲಿ ಅದೇ ಹೆಸರಿನಲ್ಲಿ ಇನ್ನೊಂದು ಕಾರ್ಡ್ ಬಂತು. ಅದರಲ್ಲಿ ಡಿಡಿಆರ್4 ಮೆಮೊರಿ. ಎರಡರಲ್ಲೂ ಲೆಕ್ಕ ಮಾಡುವ ಘಟಕಗಳು 384, ಎರಡರಲ್ಲೂ ಮೆಮೊರಿ 2 ಗಿಗಾಬೈಟ್. ಪ್ರೊಸೆಸರಿನ ವೇಗದಲ್ಲಿ ಅಂತರ ಶೇಕಡಾ 6ರಷ್ಟು ಮಾತ್ರ. ಆದರೂ ಹಲವು ಆಟಗಳಲ್ಲಿ ಎರಡನೆಯ ಕಾರ್ಡಿನ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಕಾರಣ ತಿಳಿಯಲು ಮದುವೆ ಮನೆಯ ಅಡುಗೆಯನ್ನು ನೆನಪಿಸಿಕೊಳ್ಳಿ. ಒಲೆಯ ಮುಂದೆ ಹತ್ತಾರು ಬಾಣಸಿಗರಿದ್ದಾರೆ. ಉಗ್ರಾಣದ ತುಂಬ ಸಾಮಾನಿದೆ. ಆದರೆ ಸಾಮಾನು ತರುವ ಬಾಗಿಲು ಕಿರಿದಾಗಿದ್ದು, ಹೊರುವವರು ನಿಧಾನವಾಗಿ ನಡೆದರೆ ಬಾಣಸಿಗರು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಬಾಣಸಿಗರೇ ಪ್ರೊಸೆಸರ್, ಉಗ್ರಾಣವೇ ಮೆಮೊರಿ. ಒಂದು ಸೆಕೆಂಡಿನಲ್ಲಿ ಬಾಗಿಲು ದಾಟುವ ಸಾಮಾನಿನ ಪ್ರಮಾಣವೇ ಬ್ಯಾಂಡ್‌ವಿಡ್ತ್.

ಇದರ ಲೆಕ್ಕ ಹೈಸ್ಕೂಲಿನವರಿಗೂ ಎಟುಕುವಂಥದ್ದು. ದತ್ತಾಂಶ ಸಾಗಿಸುವ ತಂತಿಗಳ ಸಂಖ್ಯೆಯನ್ನು, ಅಂದರೆ ಎಷ್ಟು ಬಿಟ್ ಎಂಬುದನ್ನು, ಒಂದೊಂದು ತಂತಿಯ ವೇಗದಿಂದ ಗುಣಿಸಿ 8ರಿಂದ ಭಾಗಿಸಿ. 8 ಬಿಟ್ ಸೇರಿದರೆ ಒಂದು ಬೈಟ್ ತಾನೆ? ಎರಡೂ ಕಾರ್ಡುಗಳಲ್ಲಿ 64 ಬಿಟ್ ದಾರಿಯಿದೆ. ಮೊದಲನೆಯದರಲ್ಲಿ ತಂತಿಯೊಂದಕ್ಕೆ ಸೆಕೆಂಡಿಗೆ 6 ಗಿಗಾಬಿಟ್; ಉತ್ತರ 48 ಗಿಗಾಬೈಟ್. ಎರಡನೆಯದರಲ್ಲಿ 2.1 ಗಿಗಾಬಿಟ್, ಉತ್ತರ 16.8. ಹೆಸರು ಒಂದೇ ಆದರೂ ಬಾಗಿಲು ಮೂರನೇ ಒಂದು ಪಾಲಿನಷ್ಟು!

ಇಷ್ಟೊಂದು ದತ್ತಾಂಶ ಯಾಕೆ ಬೇಕು? 1920 ಅಡ್ಡ, 1080 ಉದ್ದದ ಪರದೆಯಲ್ಲಿ 20,73,600 ಚುಕ್ಕಿಗಳಿವೆ. ಚುಕ್ಕಿಗೆ 4 ಬೈಟ್‌ನಂತೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬೈಟ್. ಸೆಕೆಂಡಿಗೆ 60 ಚಿತ್ರವಾದರೆ ಅರ್ಧ ಗಿಗಾಬೈಟ್. ಆದರೆ ಇದು ಪ್ರತಿ ಚುಕ್ಕಿಯನ್ನು ಒಮ್ಮೆ ಮಾತ್ರ ಬರೆದರೆ ಬರುವ ಲೆಕ್ಕ. ಆಟದಲ್ಲಿ ಅದೇ ಚುಕ್ಕಿಯ ಮೇಲೆ ಗೋಡೆ, ಮರ, ಹೊಗೆ ಒಂದರ ಮೇಲೊಂದು ಬರುತ್ತವೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಪ್ರತಿಸಲ ಮೆಮೊರಿಯಿಂದ ಓದಿ ನೋಡಬೇಕು. ನೆರಳು, ಬೆಳಕು, ಮೇಲ್ಮೈಯ ಚಿತ್ತಾರಗಳ ಓದು ಬೇರೆ. ಹೀಗೆ ಬೇಡಿಕೆ ಹಲವು ಪಟ್ಟು ಬೆಳೆಯುತ್ತದೆ.

ಇಲ್ಲಿ ಹುಡುಗರು ಓವರ್‌ಕ್ಲಾಕಿಂಗ್ ಮೊರೆಹೋಗುತ್ತಾರೆ. ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಕಾರ್ಡನ್ನು ಓಡಿಸುವುದೇ ಓವರ್‌ಕ್ಲಾಕಿಂಗ್. ಬಾಗಿಲೇ ಕಿರಿದಾಗಿರುವಲ್ಲಿ ಪ್ರೊಸೆಸರಿನ ವೇಗ ಏರಿಸಿದರೆ ಹೆಚ್ಚೇನೂ ಸಿಗದು. ಮೆಮೊರಿಯನ್ನು ಶೇಕಡಾ 10ರಷ್ಟು ಏರಿಸಿದರೆ 16.8 ಎಂಬುದು ಸುಮಾರು 18.5 ಆಗುತ್ತದೆ. ಸ್ವಲ್ಪ ಲಾಭವುಂಟು, ಆದರೆ 48 ಎಲ್ಲಿ, 18.5 ಎಲ್ಲಿ?

ಇದಕ್ಕೆ ತೆರುವ ಬೆಲೆಯೂ ಇದೆ. ಚಿಪ್ಪು ದುಡಿಯುವಾಗ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ಆವೃತ್ತಿಗೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇಕಡಾ 10 ಏರಿಸಿದರೆ ವಿದ್ಯುತ್ತು ಶೇಕಡಾ 33 ಏರುತ್ತದೆ. ಅದೆಲ್ಲವೂ ಶಾಖವಾಗಿ ಹೊರಬೀಳುತ್ತದೆ. ಜಿಡಿಡಿಆರ್5 ಮೆಮೊರಿಯಲ್ಲಿ ಸಾಗಣೆಯ ತಪ್ಪು ಪತ್ತೆಹಚ್ಚುವ ವ್ಯವಸ್ಥೆಯಿದೆ. ಕೆಟ್ಟ ದತ್ತಾಂಶವನ್ನು ಮತ್ತೆ ಕಳಿಸಲಾಗುತ್ತದೆ. ಮಿತಿ ಮೀರಿದರೆ ವೇಗದ ಅಂಕಿ ಏರುತ್ತಲೇ ಇದ್ದು, ಆಟ ಮಾತ್ರ ನಿಧಾನವಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಗಳೇ, ಏರಿಸುವ ಮೊದಲು ಇಳಿಸಿ ನೋಡಿ. ಆಟದ ಒಂದೇ ದೃಶ್ಯದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆಂದು ಬರೆದುಕೊಳ್ಳಿ. ಮೆಮೊರಿಯ ವೇಗವನ್ನು ಮಾತ್ರ ಶೇಕಡಾ 10 ತಗ್ಗಿಸಿ ಮತ್ತೆ ಬರೆಯಿರಿ. ಅದನ್ನು ಮೊದಲಿನಂತೆ ಮಾಡಿ, ಪ್ರೊಸೆಸರಿನ ವೇಗವನ್ನು ಮಾತ್ರ ಅಷ್ಟೇ ತಗ್ಗಿಸಿ. ಯಾವುದನ್ನು ತಗ್ಗಿಸಿದಾಗ ಚಿತ್ರಗಳು ಹೆಚ್ಚು ಕಡಿಮೆಯಾದವೋ ಅಲ್ಲೇ ಅಡಚಣೆ. ಎರಡರಲ್ಲೂ ಬದಲಾವಣೆ ಕಾಣದಿದ್ದರೆ ಅಡಚಣೆ ಕಾರ್ಡಿನ ಹೊರಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಪ್ರಯೋಗಶಾಲೆಯ ಮೊದಲ ಪಾಠ. ವೇಗ ತಗ್ಗಿಸುವುದರಿಂದ ಕಾರ್ಡು ಸುಡುವ ಭಯವಿಲ್ಲ.

ಪೋಷಕರೇ, ಹೊಸದಿರಲಿ ಹಳೆಯದಿರಲಿ, ಕಾರ್ಡು ಕೊಳ್ಳುವಾಗ ಮೆಮೊರಿಯ ಬಗೆ ಯಾವುದು, ಎಷ್ಟು ಬಿಟ್, ಸೆಕೆಂಡಿಗೆ ಎಷ್ಟು ಗಿಗಾಬೈಟ್ ಎಂದು ಕೇಳಿ. ಬೇರೆ ಬೇರೆ ಪೀಳಿಗೆಯ ಕಾರ್ಡುಗಳನ್ನು ಈ ಒಂದು ಅಂಕಿಯಿಂದಲೇ ಹೋಲಿಸಬೇಡಿ. ಕೆಲವು ಹೊಸ ಪ್ರೊಸೆಸರುಗಳು ದೊಡ್ಡ ಕ್ಯಾಷ್ ಮೆಮೊರಿಯನ್ನು, ಅಡುಗೆಮನೆಯ ಕಪಾಟಿನಂತೆ, ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಹೆಸರು ಒಂದೇ ಆಗಿದ್ದಾಗ ಮಾತ್ರ ಈ ಅಂಕಿಯನ್ನು ತಪ್ಪದೇ ನೋಡಿ.

ಕೊನೆಗೊಂದು ಮನೆಗೆಲಸ. ಆರ್‌ಟಿಎಕ್ಸ್ 3050 ಎಂಬ ಹೆಸರಿನಲ್ಲಿ 2022ರಲ್ಲಿ 128 ಬಿಟ್‌ನ ಕಾರ್ಡೂ 2024ರಲ್ಲಿ 96 ಬಿಟ್‌ನ ಕಾರ್ಡೂ ಬಂದವು. ಎರಡರಲ್ಲೂ ತಂತಿಯ ವೇಗ 14 ಗಿಗಾಬಿಟ್. ಬ್ಯಾಂಡ್‌ವಿಡ್ತ್ ಎಷ್ಟೆಷ್ಟು? 224 ಮತ್ತು 168 ಬಂದರೆ, ಅಂಗಡಿಗೆ ಹೋಗುವಾಗ ಅಪ್ಪನ ಜೊತೆ ನೀವೂ ಹೋಗಬಹುದು.