‘ಬೇಡ’ ಏಕೆ ಬೂದು ಬಣ್ಣದಲ್ಲಿದೆ?

ಆನ್‌ಲೈನ್ ಅಂಗಡಿಗಳ ಕಾರ್ಟ್‌ನಲ್ಲಿ ಬಣ್ಣಗಳು ಗ್ರಾಹಕನ ವಿರುದ್ಧ ಕೆಲಸ ಮಾಡುತ್ತಿವೆ ಎಂದು ನಾನು ಹೇಳಿದಾಗಲೆಲ್ಲ ಅವನ್ನು ಕಟ್ಟುವವರಿಂದ ಬರುವ ಉತ್ತರಗಳು ಹೆಚ್ಚೂಕಡಿಮೆ ಇವೇ. ಒಂದೊಂದಾಗಿ ಓದುಗರ ಮುಂದಿಡುತ್ತೇನೆ. ತೀರ್ಪು ಅವರದು.

ಬಣ್ಣ ಅಭಿರುಚಿಗೆ ಬಿಟ್ಟದ್ದು, ಅದರಲ್ಲಿ ಸರಿ ತಪ್ಪು ಎಂಬುದಿಲ್ಲ ಎನ್ನುತ್ತಾರೆ. ಇದೆ, ಅದನ್ನು ಅಳೆಯಲೂಬಹುದು. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅಂತರಕ್ಕೆ ಲೆಕ್ಕವುಂಟು. ಬಿಳಿಯ ಮೇಲೆ ಅಚ್ಚ ಕಪ್ಪಾದರೆ 21ಕ್ಕೆ 1. ಜಾಲತಾಣಗಳು ಎಲ್ಲರಿಗೂ ಓದಲು ಬರಬೇಕೆಂದು 2008ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಕೇಳುತ್ತದೆ. ಬಿಳಿಯ ಮೇಲೆ 999999 ಸಂಖ್ಯೆಯ ತಿಳಿಬೂದು 3ನ್ನೂ ಮುಟ್ಟುವುದಿಲ್ಲ. ಕಣ್ಣಿನ ಪೊರೆ ಶುರುವಾದವರಿಗೆ, ಬಿಸಿಲಲ್ಲಿ ನಿಂತು ಫೋನ್ ನೋಡುವವರಿಗೆ ಆ ಅಕ್ಷರ ಇದ್ದೂ ಇಲ್ಲದ ಹಾಗೆ.

ಅಭಿರುಚಿ ಎಂದವರೇ ಮರುಗಳಿಗೆಗೆ ‘ಕೆಂಪು ಬಟನ್ ಹೆಚ್ಚು ಮಾರುತ್ತದೆ, ಪರೀಕ್ಷೆಯಲ್ಲಿ ಸಾಬೀತಾಗಿದೆ’ ಎನ್ನುತ್ತಾರೆ. 2011ರಲ್ಲಿ ಅಮೆರಿಕದ ಪರ್ಫಾರ್ಮಬಲ್ ಕಂಪನಿಯ ಪರೀಕ್ಷೆಯಲ್ಲಿ ಹಸಿರಿಗಿಂತ ಕೆಂಪು ಬಟನ್‌ಗೆ ಶೇ 21ರಷ್ಟು ಹೆಚ್ಚು ಕ್ಲಿಕ್ ಬಿದ್ದದ್ದು ನಿಜ. ಆದರೆ ಆ ಪುಟದ ತುಂಬ ಹಸಿರೇ ಇತ್ತು. ಹಸಿರಿನೊಳಗೆ ಹಸಿರು ಮುಳುಗಿತು, ಕೆಂಪು ಎದ್ದು ಕಂಡಿತು. ಅಳೆದದ್ದು ಕ್ಲಿಕ್ಕುಗಳನ್ನು, ಮಾರಾಟವನ್ನಲ್ಲ. ಪರೀಕ್ಷಿಸದೆ ಕಣ್ಣುಮುಚ್ಚಿ ಬಟನ್‌ಗಳ ಬಣ್ಣ ಬದಲಿಸಬೇಡಿ ಎಂದು ವರದಿ ಬರೆದವರೇ ಎಚ್ಚರಿಸಿದ್ದರು. ಆ ಸಾಲನ್ನು ಇವರು ಎಂದೂ ಹೇಳುವುದಿಲ್ಲ.

ಮೂರನೆಯ ಉತ್ತರ ನನ್ನನ್ನು ನಿಜಕ್ಕೂ ಕೆರಳಿಸುತ್ತದೆ: ‘ನಾವೇನೂ ಬಚ್ಚಿಟ್ಟಿಲ್ಲ, ಬೇಡವೆನ್ನುವ ಆಯ್ಕೆ ಪರದೆಯ ಮೇಲೆಯೇ ಇದೆ.’ ಮೈಸೂರಿನಲ್ಲಿ ಚಿಕ್ಕಮ್ಮ ಮಿಕ್ಸಿ ತರಿಸುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ದುಡ್ಡು ಕಟ್ಟುವ ಮುಂಚೆ ಹೆಚ್ಚುವರಿ ವಾರಂಟಿಯ ಪ್ರಶ್ನೆ ಬಂತು. ‘ಸೇರಿಸಿ, ಮುಂದುವರಿಯಿರಿ’ ಎಂಬುದು ಪರದೆಯ ಅಗಲಕ್ಕೂ ಹರಡಿದ ಕಿತ್ತಳೆ ಪಟ್ಟಿ. ಅದರಡಿ ತೆಳ್ಳಗೆ, ಬೂದು ಬಣ್ಣದಲ್ಲಿ ‘ಬೇಡ’. ಚಿಕ್ಕಮ್ಮನಿಗೆ ಅದು ಕಂಡಿತ್ತು. ‘ಅದು ಆಫ್ ಆಗಿದೆ ಕಣೋ, ಒತ್ತಿದ್ರೆ ಏನೂ ಆಗಲ್ಲ’ ಎಂದವರು ನಾನು ಬಾಯಿ ತೆರೆಯುವಷ್ಟರಲ್ಲಿ ಕಿತ್ತಳೆ ಒತ್ತಿಬಿಟ್ಟರು. ಬಿಲ್ಲಿಗೆ 349 ರೂಪಾಯಿ ಸೇರಿತು. ಅವರ ತರ್ಕದಲ್ಲಿ ತಪ್ಪು ಎಲ್ಲಿದೆ? ಒಂದು ನಿಮಿಷದ ಹಿಂದೆ ಅದೇ ಆ್ಯಪ್‌ನಲ್ಲಿ ಪಿನ್‌ಕೋಡ್ ತುಂಬುವ ತನಕ ಮುಂದಿನ ಬಟನ್ ಬೂದಾಗಿಯೇ ಇತ್ತು, ಒತ್ತಿದರೆ ಅಲುಗಲಿಲ್ಲ. ಬೂದು ಎಂದರೆ ಕೆಲಸ ಮಾಡದ್ದು ಎಂದು ಕಲಿಸಿದವರು ಇವರು. ಕಲಿಸಿದ ಮೇಲೆ ಅದೇ ಬಣ್ಣವನ್ನು ‘ಬೇಡ’ಕ್ಕೆ ಬಳಿದವರೂ ಇವರು. ಬಚ್ಚಿಟ್ಟಿದ್ದರೆ ಚಿಕ್ಕಮ್ಮ ಹುಡುಕಿಯಾದರೂ ಹುಡುಕುತ್ತಿದ್ದರು.

ಬಣ್ಣ ಗುರುತಿಸಲಾಗದವರು ಬೆರಳೆಣಿಕೆಯಷ್ಟು ಎಂಬುದು ಇನ್ನೊಂದು ಮಾತು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಕೆಂಪು ಹಸಿರಿನ ಗೊಂದಲವಿದೆ. ನಮ್ಮಲ್ಲಿ ಪ್ರಮಾಣ ಕಡಿಮೆಯಾದರೂ ಈ ದೇಶದ ಜನಸಂಖ್ಯೆಗೆ ಲೆಕ್ಕ ಹಾಕಿದರೆ ಕೋಟಿ ದಾಟುತ್ತದೆ. ತಪ್ಪಾದ ಜಾಗಕ್ಕೆ ಬರೀ ಕೆಂಪು ಗೆರೆ ಎಳೆದರೆ ಇವರಿಗೆ ತಿಳಿಯುವುದು ಹೇಗೆ? ‘ಪಿನ್‌ಕೋಡ್‌ನಲ್ಲಿ ಒಂದು ಅಂಕಿ ಕಡಿಮೆಯಿದೆ’ ಎಂದು ಪಕ್ಕದಲ್ಲಿ ಬರೆದರೆ ಮುಗಿಯಿತು.

ಒತ್ತಿದ ಮೇಲೆ ಒಪ್ಪಿದಂತೆಯೇ ಎಂದು ಕಾನೂನಿನ ಆಸರೆ ಹುಡುಕುವವರಿದ್ದಾರೆ. ಕಾನೂನು ಅವರ ಕಡೆಗಿಲ್ಲ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ಎಣಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳಿವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿದೆ. ಕೇಳದೆ ದೇಣಿಗೆಯನ್ನು ಬಿಲ್ಲಿಗೆ ಸೇರಿಸುವುದು ಅದರಲ್ಲಿದೆ. ಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ‘ಬೇಡ’ವನ್ನು ತಿಳಿ ಬಣ್ಣದಲ್ಲಿಡುವುದನ್ನು ಅಲ್ಲಿ ಉದಾಹರಣೆಯಾಗಿಯೇ ಕೊಟ್ಟಿದ್ದಾರೆ.

ಕೊನೆಗೆ ಉಳಿಯುವುದು, ಎರಡೂ ಆಯ್ಕೆಗಳನ್ನು ಸಮನಾಗಿ ತೋರಿಸಿದರೆ ವ್ಯಾಪಾರ ಬೀಳುತ್ತದೆ ಎಂಬ ಅಳಲು. ಹಾಗಾದರೆ ಬೀಳುವಷ್ಟು ಹಣ ಬೇಡವೆನ್ನಲು ಬಯಸಿದವರ ಕೈಯಿಂದ ಬಂದದ್ದು ಎಂದು ಒಪ್ಪಿಕೊಂಡಂತಾಯಿತು. ಒಪ್ಪುವುದಿಲ್ಲವೇ? ಬಣ್ಣ ಬರೀ ಅಭಿರುಚಿಯ ಮಾತಾದರೆ ಒಂದೇ ವಾರ ‘ಬೇಡ’ವನ್ನು ಕಿತ್ತಳೆ ಪಟ್ಟಿಯಲ್ಲಿಟ್ಟು, ‘ಸೇರಿಸಿ’ಯನ್ನು ತೆಳು ಬೂದಿನಲ್ಲಿಟ್ಟು ನೋಡಲಿ.