ಕೊಳಗ ಯಾರ ಕೈಯಲ್ಲಿದೆ?

ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಮಿಕ ಮೊಬೈಲಿನಲ್ಲಿ ಊಟ ತರಿಸಿಕೊಂಡರೆ ಹೋಟೆಲಿನವನಿಗೆ ಒಳ್ಳೆಯ ವ್ಯಾಪಾರವಾಯಿತೆಂದೇ ನಾವೆಲ್ಲ ತಿಳಿಯುತ್ತೇವೆ. ಲೆಕ್ಕ ಬೇರೆಯೇ ಇದೆ.

ಸ್ವಿಗ್ಗಿ, ಜೊಮಾಟೊ ಕಂಪನಿಗಳು ಪ್ರತಿ ಆರ್ಡರಿನಲ್ಲೂ ಹೋಟೆಲಿನಿಂದ ಕಮಿಷನ್ ಮುರಿದುಕೊಳ್ಳುತ್ತವೆ. ಎಲ್ಲರಿಗೂ ಒಂದೇ ದರವಿಲ್ಲ. ಸಾಮಾನ್ಯವಾಗಿ ನೂರಕ್ಕೆ 15ರಿಂದ 30. ದೊಡ್ಡ ಹೋಟೆಲು ಚೌಕಾಸಿ ಮಾಡೀತು. ನಾಲ್ಕು ಮೇಜಿನ ಖಾನಾವಳಿಗೆ ಅವರು ಹೇಳಿದ್ದೇ ದರ. 200 ರೂಪಾಯಿಯ ಊಟವೆನ್ನಿ. ನೂರಕ್ಕೆ 25ರಂತೆ 50 ರೂಪಾಯಿ ಹೋಯಿತು. ಆ 50ರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 9 ರೂಪಾಯಿ. ನೂರಕ್ಕೆ 5ರ ತೆರಿಗೆಗೆ ಸೇರಿದ ಸಾಮಾನ್ಯ ಹೋಟೆಲಿಗೆ ಈ 9 ರೂಪಾಯಿ ತಿರುಗಿ ಬರುವುದಿಲ್ಲ. ಕೈಗೆ ದಕ್ಕಿದ್ದು 141. ಅಕ್ಕಿ, ಎಣ್ಣೆ, ಸಿಲಿಂಡರು, ಬಾಡಿಗೆ, ಅಡುಗೆಯವರ ಸಂಬಳ ಎಲ್ಲವೂ ಇದರಲ್ಲೇ ಆಗಬೇಕು. ರಿಯಾಯಿತಿಯ ಪಾಲು, ಪಟ್ಟಿಯಲ್ಲಿ ಹೆಸರು ಮೇಲೆ ಕಾಣಿಸಲು ತೆರುವ ಜಾಹೀರಾತಿನ ದುಡ್ಡು ಬೇರೆ. ಕಮಿಷನ್ ಇರುವುದು ಮಾರಾಟದ ಮೇಲೆ, ಲಾಭದ ಮೇಲಲ್ಲ. ಹೋಟೆಲಿಗೆ ನಷ್ಟವಾದ ದಿನವೂ ಕಂಪನಿಯ ಪಾಲು ತಪ್ಪದು.

ತಾಳಲಾರದೆ ಹೋಟೆಲಿನವನು ಆಪಿನಲ್ಲಿ ದರ ಏರಿಸುತ್ತಾನೆ. ತೆರುವವನು ಅದೇ ಕಾರ್ಮಿಕ. ಮೇಲೆ ಸಾಗಣೆ ಶುಲ್ಕ, 2023ರಲ್ಲಿ ಹುಟ್ಟಿದ ಪ್ಲಾಟ್‌ಫಾರಂ ಶುಲ್ಕ. ಮಳೆಯಲ್ಲಿ ಊಟ ಹೊತ್ತು ತರುವ ಹುಡುಗ ಇದರಿಂದ ಸಾಹುಕಾರನಾದನೇ? ಅವನನ್ನೇ ಕೇಳಿ ನೋಡಿ.

1951ರಲ್ಲಿ ಕಾಗೋಡಿನ ಗೇಣಿದಾರರನ್ನು ಕೆರಳಿಸಿದ್ದು ಗೇಣಿಯ ಭತ್ತ ಅಳೆಯುವ ಕೊಳಗ. ಇಂದಿನ ಕೊಳಗ ಕಂಪನಿಯ ಗಣಕಯಂತ್ರದೊಳಗೆ ಕುಳಿತಿದೆ. ಗಿರಾಕಿ ಯಾರು, ಯಾವ ಬೀದಿಯವನು ಎಂಬ ವಿವರವೂ ಅಲ್ಲೇ. ಹೋಟೆಲಿನವನು ಆಪು ಬಿಟ್ಟರೆ ಗಿರಾಕಿಯೂ ಕೈತಪ್ಪಿದಂತೆ.

ಆಪಿನಿಂದ ವ್ಯಾಪಾರ ಹೆಚ್ಚಿದೆ ಎನ್ನುವ ವರ್ತಕ ಮಿತ್ರರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಮಾಡಿದ ಕೆಲಸಕ್ಕೆ ಕೂಲಿ ಸಲ್ಲಲಿ. ಆದರೆ ಕೂಲಿ ಇಷ್ಟೆಂದು ಗೊತ್ತುಮಾಡುವವರು ಯಾರು? ರೆಸ್ಟೋರೆಂಟ್ ಮಾಲೀಕರ ರಾಷ್ಟ್ರೀಯ ಸಂಘ ಕೊಟ್ಟ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ 2022ರ ಏಪ್ರಿಲಿನಲ್ಲಿ ತನಿಖೆಗೆ ಆಜ್ಞೆ ಮಾಡಿತು. ಅದಕ್ಕೂ ಎರಡು ವರ್ಷ ಮುಂಚೆ, 2020ರ ಏಪ್ರಿಲಿನಲ್ಲೇ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಕಮಿಷನ್ ನೂರಕ್ಕೆ 15 ಮೀರಕೂಡದೆಂದು ಕಟ್ಟಳೆ ಹಾಕಿತ್ತು. ಬಂಡವಾಳಶಾಹಿಯ ತವರೂರಿನಲ್ಲಿ!

ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಕ್ಷೇಮಕ್ಕೆ ಕಾಯಿದೆ ತಂದಿದೆ; ಸ್ವಾಗತ. ಇನ್ನು ಕಮಿಷನ್ನಿಗೂ ಮಿತಿ ಹಾಕಲಿ. ಹೋಟೆಲಿಗೆಷ್ಟು, ಕಂಪನಿಗೆಷ್ಟು, ಹುಡುಗನಿಗೆಷ್ಟು ಎಂಬುದು ಬಿಲ್ಲಿನಲ್ಲೇ ಅಚ್ಚಾಗಲಿ. ನಮ್ಮೂರಿನ ಸಣ್ಣ ಹೋಟೆಲಿನವರು ಕಂಪನಿ ಕಳಿಸುವ ಲೆಕ್ಕದ ಪಟ್ಟಿಗಳನ್ನು ತನ್ನಿ. ಭಾನುವಾರ ಬೆಳಿಗ್ಗೆ ಪಕ್ಷದ ಕಚೇರಿ ತೆರೆದಿರುತ್ತದೆ. ಕೂತು ಒಂದೊಂದು ಸಾಲನ್ನೂ ಒಟ್ಟಿಗೆ ಓದೋಣ.